ವಿರಾಜಪೇಟೆಯ ಒಂದು ರಿಪೇರಿ ಅಂಗಡಿ, ಮತ್ತು ನಾನು ತಗೊಳ್ಳದೆ ಉಳಿದ 42,000ದ ಗಿಟಾರ್

ಮೊದಲೇ ಹೇಳಿಬಿಡುತ್ತೇನೆ, ಅಂಗಡಿಯ ಹೆಸರು ಬರೆಯುವುದಿಲ್ಲ. ಬರೆಯಲಾ ಎಂದು ಕೇಳಿದ್ದೆ. "ಬೇಡ ಮಾರಾಯ್ರೇ, ಬಂದಿರೋದನ್ನೇ ಮುಗಿಸೋಕೆ ಆಗ್ತಾ ಇಲ್ಲ, ನೀವು ಬರೆದು ಇನ್ನೂ ನಾಲ್ಕು ಜನ ಬಂದ್ರೆ ನಾನು ಬಾಗಿಲು ಹಾಕ್ಕೊಂಡು ತೋಟಕ್ಕೆ ಹೋಗ್ಬೇಕು ಅಷ್ಟೆ" ಎಂದರು. ಬೋರ್ಡೂ ಇಲ್ಲ. ವಿರಾಜಪೇಟೆಯ ಗಡಿಯಾರ ಕಂಬದಿಂದ ನಡೆದು ಹೋಗುವಷ್ಟು ದೂರ, ಒಂದು ಸಂದಿ, ಬಾಗಿಲ ಪಕ್ಕ ಹರಿದ ಸ್ಪೀಕರ್ ಕೋನ್ ಒಂದು ನೇತಾಡುತ್ತಿರುತ್ತದೆ. ಅಷ್ಟು ಗುರುತು ಸಾಕು. ಸಂತೆ ದಿನ ಮಾತ್ರ ಹೋಗಬೇಡಿ, ಗಾಡಿ ನಿಲ್ಲಿಸೋಕೆ ಜಾಗ ಸಿಗಲ್ಲ.

ಅಂಗಡಿ ನಡೆಸುವವರಿಗೆ ಅರವತ್ತು ದಾಟಿದೆ. ಎಲ್ಲರೂ ಅಣ್ಣ ಎನ್ನುತ್ತಾರೆ, ನಾನೂ ಹಾಗೇ. ಶುರುವಿನಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದರಂತೆ. ಆಮೇಲೆ ಮದುವೆ ಮನೆ, ಸಭೆಗಳ ಅಹುಜಾ ಆಂಪ್ಲಿಫೈಯರ್. ಭಜನಾ ಮಂಡಳಿಯವರು ಹಾರ್ಮೋನಿಯಂ ತಂದುಕೊಟ್ಟರು, ಚರ್ಚಿನ ಹುಡುಗರು ಗಿಟಾರ್ ತಂದುಕೊಟ್ಟರು, ಹೀಗೆ ಒಂದೊಂದೇ ಕೈ ಹತ್ತಿತು. ಯಾವ ಕೋರ್ಸೂ ಮಾಡಿಲ್ಲ. ಕೀಬೋರ್ಡಿನ ಕೀ ಸತ್ತಿದ್ದರೆ ಬಿಚ್ಚಿ, ಒಳಗಿನ ರಬ್ಬರ್ ಪಟ್ಟಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ ಕೊಡುತ್ತಾರೆ, ನೂರು ರೂಪಾಯಿ. ಅದೇ ಕೀಬೋರ್ಡನ್ನು "ಹಾಳಾಯ್ತು, ಹೊಸದು ತಗೊಳ್ಳಿ" ಎಂದು ಬೇರೆ ಊರಿನಲ್ಲಿ ಒಬ್ಬರು ಹೇಳಿ ಕಳಿಸಿದ್ದರು, ಅದನ್ನು ತಂದ ಹುಡುಗ ನನ್ನ ಕಣ್ಣೆದುರಿಗೇ ಬಾಯಿ ಬಿಟ್ಟುಕೊಂಡು ನಿಂತಿದ್ದ.

ನಾನು ಹೋಗಿದ್ದು ರಿಪೇರಿಗಲ್ಲ. ಹಳೇ ಗಿಟಾರನ್ನು ಮಾರಿದರೆ ಎಷ್ಟು ಸಿಗಬಹುದು ಎಂದು ಕೇಳೋಕೆ.

ಕಳೆದ ಆಗಸ್ಟಿನ ಮಾತು. ನನ್ನ ಹತ್ತಿರ ಇರುವುದು ಯಮಹಾ ಎಫ್310. 2014ರಲ್ಲಿ ಮೈಸೂರಿನಿಂದ ತಂದಿದ್ದು, 8,000ದ ಒಳಗೆ ಬಂದಿತ್ತು. ಗಿಟಾರ್ ಕಲಿಯೋಕೆ ಶುರುಮಾಡಿದ ಅರ್ಧ ಜನರ ಮನೆಯಲ್ಲಿ ಇದೇ ಇರುತ್ತದೆ, ಇದರ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ. ಆದರೆ ಆ ಆಗಸ್ಟಿನಲ್ಲಿ ಅದನ್ನು ನುಡಿಸೋಕೇ ಆಗುತ್ತಿರಲಿಲ್ಲ. ಎಫ್ ಕಾರ್ಡ್, ಅಂದರೆ ತೋರುಬೆರಳನ್ನು ತಂತಿಗಳ ಮೇಲೆ ಅಡ್ಡ ಒತ್ತಿ ಹಿಡಿಯುವ ಸ್ವರಗುಚ್ಛ, ಹಿಡಿದರೆ ಆ ಬೆರಳು ಮುರಿಯುವ ಹಾಗೆ ಆಗುತ್ತಿತ್ತು. ತಂತಿಯೆಲ್ಲ ಕಪ್ಪಾಗಿ, ಸದ್ದು ಒದ್ದೆ ಬಟ್ಟೆ ಒಗೆದ ಹಾಗೆ ದಪ್ ದಪ್ ಎನ್ನುತ್ತಿತ್ತು. ಹನ್ನೊಂದು ವರ್ಷ ಆಯಿತಲ್ಲ, ಇದರ ಆಯಸ್ಸು ಮುಗಿಯಿತು ಎಂದು ನಾನೇ ತೀರ್ಪು ಕೊಟ್ಟೆ.

ತೀರ್ಪು ಕೊಡೋಕೆ ಇನ್ನೊಂದು ಕಾರಣ ಫೋನಿನಲ್ಲಿತ್ತು. ನಮ್ಮ ಕಡೆ ಮಳೆಗಾಲದ ರಾತ್ರಿ ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ, ಎಂಟು ಗಂಟೆಗೆ ಕರೆಂಟ್ ಹೋಗುತ್ತದೆ, ಹೊರಗೆ ಮಳೆ ಬಿಡುವುದಿಲ್ಲ, ಹೊದ್ದುಕೊಂಡು ಮಲಗಿ ಬ್ಯಾಟರಿ ಇರುವವರೆಗೆ ಫೋನ್ ನೋಡುವುದು ಬಿಟ್ಟರೆ ಬೇರೆ ಕೆಲಸವೇ ಇರುವುದಿಲ್ಲ. ಹಾಗೆ ನೋಡುತ್ತಾ ನೋಡುತ್ತಾ ಒಂದು ಗಿಟಾರ್ ಸಿಕ್ಕಿತು. 42,000. ಮುಂಭಾಗ ಪೂರ್ತಿ ಒಂದೇ ಮರ, ಒಳಗೆ ಪಿಕಪ್ (ಸದ್ದನ್ನು ಆಂಪ್ಲಿಫೈಯರಿಗೆ ಕಳಿಸುವ ಸಾಧನ), ಟ್ಯೂನರ್ ಎಲ್ಲ ಸೇರಿ. ಅದರ ಮೇಲೆ ಹತ್ತು ವಿಡಿಯೋ ನೋಡಿದೆ. ಹನ್ನೊಂದನೆಯದನ್ನೂ ನೋಡಿದೆ. ಅಷ್ಟೂ ದಿನ ಗಿಟಾರ್ ಮುಟ್ಟಿರಲಿಲ್ಲ ಎನ್ನುವುದು ಆಮೇಲೆ ಹೊಳೆದದ್ದು.

ಈ ಕಾಯಿಲೆಗೆ ಹೆಸರು ಬೇರೆ ಇದೆ. ಗ್ಯಾಸ್. ಸ್ಟೀಲಿ ಡ್ಯಾನ್ ಬ್ಯಾಂಡಿನ ವಾಲ್ಟರ್ ಬೆಕರ್ 1994ರಲ್ಲಿ ಒಂದು ಗಿಟಾರ್ ಪತ್ರಿಕೆಯಲ್ಲಿ ತಮಾಷೆಗೆ ಬರೆದದ್ದು, 'ಗಿಟಾರ್ ಅಕ್ವಿಸಿಷನ್ ಸಿಂಡ್ರೋಮ್' ಅಂತ, ಅಂದರೆ ಗಿಟಾರ್ ಕೂಡಿಹಾಕುವ ಹುಚ್ಚು. ಹುಚ್ಚು ಗಿಟಾರಿಗಷ್ಟೇ ನಿಲ್ಲಲಿಲ್ಲ. ಪೆಡಲ್ಲು, ಮೈಕು, ಕೀಬೋರ್ಡು ಎಲ್ಲಕ್ಕೂ ಹಬ್ಬಿತು, ಹಾಗಾಗಿ ಈಗ ಜಿ ಅಂದರೆ ಗಿಟಾರ್ ಬದಲು 'ಗೇರ್' ಎನ್ನುತ್ತಾರೆ. ಅಮ್ಮನಿಗೆ ಒಂದು ಸಲ "ನನಗೆ ಗ್ಯಾಸ್ ಇದೆ" ಎಂದು ವಿವರಿಸೋಕೆ ಹೋದೆ. ಮಾತು ಮುಗಿಯುವ ಮೊದಲೇ ಓಮದ ನೀರು ತಂದಿಟ್ಟರು.

ಹಳೇ ಲೆಕ್ಕ ಒಂದನ್ನು ಇಲ್ಲಿ ಹೇಳಲೇಬೇಕು, ನಾಚಿಕೆ ಆದರೂ ಪರವಾಗಿಲ್ಲ. ಆರು ವರ್ಷದಲ್ಲಿ ನಾನು ತಗೊಂಡಿದ್ದು: ಅತ್ತೆ ಮಗ ಕೊಟ್ಟ ಎಲೆಕ್ಟ್ರಿಕ್ ಗಿಟಾರಿಗೆ ಮೂರು ಓವರ್‌ಡ್ರೈವ್ ಪೆಡಲ್ (ಸದ್ದನ್ನು ಒರಟು ಮಾಡುವ, ಕಾಲಲ್ಲಿ ಒತ್ತುವ ಡಬ್ಬಿ), ಒಟ್ಟು 20,500. ಕಂಪ್ಯೂಟರಿಗೆ ರೆಕಾರ್ಡ್ ಮಾಡುವ ಇಂಟರ್‌ಫೇಸ್ 9,500. ಕಂಡೆನ್ಸರ್ ಮೈಕ್ 6,000. ಕಂಪ್ಯೂಟರಿಗೆ ಜೋಡಿಸಿ ನುಡಿಸುವ 49 ಕೀಗಳ ಮಿಡಿ ಕೀಬೋರ್ಡ್ 8,500, ಅದರ ಮೇಲೆ ಈಗ ಇಸ್ತ್ರಿ ಬಟ್ಟೆ ಇರುತ್ತದೆ. ನುಡಿಸಿದ್ದನ್ನೇ ಮತ್ತೆ ಮತ್ತೆ ಕೇಳಿಸುವ ಲೂಪರ್ 8,000. ಸ್ಟ್ಯಾಂಡು, ಕೇಬಲ್ಲು, ನಾಲ್ಕು ಕ್ಯಾಪೋ (ಶ್ರುತಿ ಏರಿಸೋಕೆ ಕತ್ತಿಗೆ ಹಾಕುವ ಕ್ಲಿಪ್; ಒಂದು ಗಿಟಾರಿಗೆ ನಾಲ್ಕು ಕ್ಯಾಪೋ ಯಾಕೆ ಎಂದು ಕೇಳಬೇಡಿ) ಎಲ್ಲ ಸೇರಿ 4,500. ಒಟ್ಟು 57,000. ಇಷ್ಟರಲ್ಲಿ ನಾನು ಪೂರ್ತಿ ಮಾಡಿದ ಹಾಡು ಎರಡು. ಅದರಲ್ಲಿ ಒಂದು ತಂಗಿಯ ಮದುವೆಗೆ, ಫೋನಿನಲ್ಲೇ ರೆಕಾರ್ಡ್ ಮಾಡಿದ್ದು. ಕೂಸು ಹುಟ್ಟುವ ಮೊದಲು ಕುಲಾವಿ ಹೊಲಿಸುತ್ತಾರೆ ಎನ್ನುತ್ತಾರಲ್ಲ, ನಾನು ಬಟ್ಟೆ ಅಂಗಡಿಯನ್ನೇ ಇಟ್ಟಿದ್ದೆ. ರೋಬಸ್ಟಾ ಕಾಫಿಗೆ 2024ರಲ್ಲಿ ದಾಖಲೆ ರೇಟ್ ಬಂತಲ್ಲ, ಆಗ ಅಕ್ಕಪಕ್ಕದವರು ಗಾಡಿ ಬದಲಾಯಿಸಿದರು, ತೋಟಕ್ಕೆ ಪೈಪ್ ಎಳೆಸಿದರು. ನಮ್ಮ ಮನೆಗೆ ಲೂಪರ್ ಬಂತು.

ಸರಿ, ಅಂಗಡಿಗೆ ಬರುತ್ತೇನೆ.

ಗಿಟಾರ್ ಕೊಟ್ಟು "ಅಣ್ಣ, ಇದಕ್ಕೆ ಎಷ್ಟು ಬರಬಹುದು?" ಎಂದೆ. ಅವರು ರೇಟ್ ಹೇಳಲಿಲ್ಲ. ಚೀಲದಿಂದ ತೆಗೆದು, ಮೊದಲು ಮೂಗಿನ ಹತ್ತಿರ ಹಿಡಿದು ಸೌಂಡ್ ಹೋಲ್ ಒಳಗೆ ಮೂಸಿ ನೋಡಿದರು. "ಬೂಷ್ಟು" ಎಂದರು. ಆಮೇಲೆ ಕಣ್ಣಿನ ಮಟ್ಟಕ್ಕೆ ಹಿಡಿದು, ಬಂದೂಕಿಗೆ ಗುರಿ ನೋಡುವ ಹಾಗೆ, ಕತ್ತಿನ ಉದ್ದಕ್ಕೂ ನೋಡಿದರು. ಒಂದು ಸಣ್ಣ ಸ್ಟೀಲ್ ಸ್ಕೇಲನ್ನು ಹನ್ನೆರಡನೇ ಫ್ರೆಟ್ ಮೇಲೆ, ಅಂದರೆ ಕತ್ತಿನ ಮೇಲಿರುವ ಲೋಹದ ಅಡ್ಡಗೆರೆಯ ಮೇಲೆ, ನಿಲ್ಲಿಸಿದರು. ದಪ್ಪ ತಂತಿಗೂ ಫ್ರೆಟ್ಟಿಗೂ ನಡುವೆ 4 ಮಿಲಿಮೀಟರ್ ಇತ್ತು. ಗಿಟಾರಿನವರು ಇದಕ್ಕೇ ಆ್ಯಕ್ಷನ್ ಎನ್ನುವುದು. ಎರಡರಿಂದ ಎರಡೂವರೆ ಇದ್ದರೆ ಕೈಗೆ ಸುಖ. ನಾಲ್ಕು ಅಂದರೆ ಪ್ರತಿ ಕಾರ್ಡಿಗೂ ನಾನು ಬೇಲಿ ತಂತಿ ಒತ್ತುತ್ತಿದ್ದೆ ಅಂತ ಲೆಕ್ಕ.

"ಇದನ್ನ ಎಲ್ಲಿಟ್ಟಿದ್ರಿ?"

"ಗೋಡೆಗೆ ನೇತು ಹಾಕಿದ್ದೆ."

"ಯಾವ ಗೋಡೆ?"

ಮಳೆ ಬಡಿಯುವ ಕಡೆಯ ಗೋಡೆ. ಹೇಳಿದೆ. ಅವರು ಏನೂ ಮಾತಾಡದೆ ಬರೀ ನನ್ನನ್ನು ನೋಡಿದರು.

ಆಮೇಲೆ ಒಂದು ಗಂಟೆ ಪಾಠ ಆಯಿತು. ಮರ ನೀರು ಕುಡಿಯುತ್ತದೆ. ಗಿಟಾರ್ ಇಡುವ ಜಾಗದ ತೇವಾಂಶ 45ರಿಂದ 55 ಶೇಕಡ ಇದ್ದರೆ ಒಳ್ಳೆಯದು. ನಮ್ಮ ಜಿಲ್ಲೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಕನಸಿನ ಮಾತು. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ, ಒಗೆದ ಬಟ್ಟೆ ಒಣಗೋಕೆ ಒಂದು ವಾರ ಹಿಡಿಯುವ ಊರು. ತೇವ ಹೀರಿದ ಗಿಟಾರಿನ ಮುಂಭಾಗದ ಹಲಗೆ ಉಬ್ಬುತ್ತದೆ. ಹಲಗೆ ಉಬ್ಬಿದರೆ ಅದರ ಮೇಲೆ ಕೂತ ಬ್ರಿಡ್ಜ್, ಅಂದರೆ ತಂತಿ ಸಿಕ್ಕಿಸುವ ಮರದ ತುಂಡು, ಏಳುತ್ತದೆ, ಬ್ರಿಡ್ಜ್ ಎದ್ದರೆ ತಂತಿ ಏಳುತ್ತದೆ. ಒದ್ದೆ ಮರ ಭಾರ ಆಗಿರುತ್ತದೆ, ಸರಿಯಾಗಿ ಕಂಪಿಸುವುದಿಲ್ಲ, ಅದಕ್ಕೇ ದಪ್ ದಪ್. ಇದರಲ್ಲಿ ಗಿಟಾರಿನ ತಪ್ಪು ಎಲ್ಲಿದೆ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ವಿಷಯದಲ್ಲಿ ನೆಲ ನಿಜವಾಗಿಯೂ ಡೊಂಕಾಗಿತ್ತು, ಡೊಂಕು ಮಾಡಿದವನೂ ನಾನೇ.

"ಹೊಸದು ತಗೊಂಡ್ರೆ ಅದನ್ನೂ ಅದೇ ಗೋಡೆಗೆ ಹಾಕ್ತೀರಿ ಅಲ್ವಾ?" ಎಂದು ಕೇಳಿದರು. ಪೂರ್ತಿ ಒಂದೇ ಮರದ ಹಲಗೆ ಇರುವ ಗಿಟಾರ್ ಪದರದ ಹಲಗೆಯದಕ್ಕಿಂತ ತೇವಕ್ಕೆ ಬೇಗ ಬಾಗುತ್ತದೆ. ಅಂದರೆ 42,000ದ್ದು ನನ್ನ ಮನೆಯಲ್ಲಿ 8,000ದ್ದಕ್ಕಿಂತ ಬೇಗ ಕೆಡುತ್ತಿತ್ತು. ಆ ಹನ್ನೊಂದು ವಿಡಿಯೋಗಳಲ್ಲಿ ಒಬ್ಬನೂ ಇದನ್ನು ಹೇಳಿರಲಿಲ್ಲ. ಅವರ ಊರಲ್ಲಿ ಬೂಷ್ಟು ಇಲ್ಲವೇನೋ.

ಸರಿ, ಹಾಗಾದರೆ ಈಗಲೇ ಆ್ಯಕ್ಷನ್ ಇಳಿಸಿಕೊಡಿ ಎಂದೆ. ನಾನಂತೂ ಆವತ್ತೇ ತಗೊಂಡು ಹೋಗುವ ಅವಸರದಲ್ಲಿದ್ದೆ. ಆಗಲ್ಲ ಎಂದರು. ಯಾಕೆ ಎಂಬುದು ನನಗೆ ಈ ಅಂಗಡಿಯಲ್ಲಿ ಸಿಕ್ಕಿದ ಅತಿ ಒಳ್ಳೆಯ ವಿಷಯ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ತಂತಿಯ ಎತ್ತರ ಇಳಿಸೋಕೆ ಬ್ರಿಡ್ಜ್ ಮೇಲೆ ತಂತಿ ಕೂರುವ ಸಣ್ಣ ಪಟ್ಟಿಯನ್ನು, ಅಂದರೆ ಸ್ಯಾಡಲನ್ನು, ಅಡಿಯಿಂದ ಉಜ್ಜಿ ತೆಳ್ಳಗೆ ಮಾಡುತ್ತಾರೆ. ಹನ್ನೆರಡನೇ ಫ್ರೆಟ್ಟಿನಲ್ಲಿ 1 ಮಿಲಿಮೀಟರ್ ಇಳಿಯಬೇಕಾದರೆ ಸ್ಯಾಡಲನ್ನು 2 ಮಿಲಿಮೀಟರ್ ಉಜ್ಜಬೇಕು. ಈಗ ಆಗಸ್ಟಿನಲ್ಲಿ, ಹಲಗೆ ಉಬ್ಬಿರುವಾಗ, ಕೈಗೆ ಹಿತ ಆಗುವ ಹಾಗೆ ಉಜ್ಜಿದರು ಅಂತಿಟ್ಟುಕೊಳ್ಳಿ. ಫೆಬ್ರವರಿಯಲ್ಲಿ ಗಾಳಿ ಒಣಗಿದಾಗ ಹಲಗೆ ಮತ್ತೆ ಕೆಳಗೆ ಕೂರುತ್ತದೆ, ತಂತಿಯೂ ಕೂರುತ್ತದೆ, ಆಗ ತಂತಿ ಫ್ರೆಟ್ಟಿಗೆ ತಾಗಿ ಜುಂಯ್ ಎಂದು ಕಿರಿಕಿರಿ. ಉಜ್ಜಿದ್ದನ್ನು ವಾಪಸ್ ಅಂಟಿಸೋಕೆ ಆಗಲ್ಲ. ಆವಾಗ ಜನ ಗಿಟಾರ್ ಕೆಟ್ಟಿದೆ ಎಂದು ಹೊಸದು ನೋಡೋಕೆ ಶುರುಮಾಡುತ್ತಾರೆ.

"ಇಟ್ಟು ಹೋಗಿ. ಒಣಗಲಿ. ಸ್ಯಾಡಲ್ ಕೆಲಸಕ್ಕೆ ಪುತ್ತರಿ ಕಳೆದು ಬನ್ನಿ."

ಪುತ್ತರಿ ನಮ್ಮ ಕಡೆಯ ಸುಗ್ಗಿ ಹಬ್ಬ, ಅಂದರೆ ನವೆಂಬರ್ ಕೊನೆ, ಇಲ್ಲವೇ ಡಿಸೆಂಬರ್. ಇನ್ನೂ ಮೂರು ತಿಂಗಳ ಮೇಲೆ. ನನಗೆ ಸಿಟ್ಟು ಬಂತು. ಮನೆಗೆ ಬಂದು ಫೋನ್ ತೆಗೆದು ಆ 42,000ದ್ದನ್ನು ಕಾರ್ಟಿಗೆ ಹಾಕಿದೆ. ದುಡ್ಡು ಕೊಡುವ ಹಂತದಲ್ಲಿ ನೆಟ್‌ವರ್ಕ್ ಹೋಯಿತು. ಇದನ್ನು ದೇವರ ದಯೆ ಎನ್ನಬೇಕೋ ಮರ ಬಿದ್ದು ಕೇಬಲ್ ಹರಿದದ್ದು ಎನ್ನಬೇಕೋ ನೀವೇ ಹೇಳಿ.

ಅಣ್ಣನ ಅಂಗಡಿಯಲ್ಲಿ ಗಿಟಾರ್ ಒಣಗಿಸುವುದು ಹೇಗೆಂದರೆ, ಒಂದು ಹಳೇ ಮರದ ಬೀರು, ಅದರ ತಳದಲ್ಲಿ ಸಣ್ಣ ಬಲ್ಬ್ ಒಂದು ಹಗಲೂ ರಾತ್ರಿ ಉರಿಯುತ್ತದೆ, ಬಾಗಿಲಿಗೆ ತೇವ ತೋರಿಸುವ ಸಣ್ಣ ಮೀಟರ್ ಅಂಟಿಸಿದ್ದಾರೆ. ನಮ್ಮ ಮನೆಗಳಲ್ಲಿ ರೇಷ್ಮೆ ಸೀರೆಗೆ ಬೂಷ್ಟು ಹಿಡಿಯಬಾರದೆಂದು ಬೀರುವಿನಲ್ಲಿ ಬಲ್ಬ್ ಹಾಕುತ್ತಾರಲ್ಲ, ಅದೇ ಉಪಾಯ. ಬಲ್ಬಿಗೆ ಹತ್ತಿರ ಇಡಬಾರದು, ನಿಧಾನ ಒಣಗಬೇಕು. ಯಾರೋ ಒಬ್ಬರು ಒಲೆಯ ಮೇಲಿನ ಅಟ್ಟದಲ್ಲಿಟ್ಟಿದ್ದರಂತೆ, ಬಿಸಿಗೆ ಅಂಟು ಮೆತ್ತಗಾಗಿ ಬ್ರಿಡ್ಜ್ ಕಿತ್ತು ಬಂತಂತೆ. "ಇದೇನು ದುಡಿಯಾ, ಬೆಂಕಿಗೆ ಹಿಡಿಯೋಕೆ?" ಎಂದು ನಕ್ಕರು. ದುಡಿ ಅಂದರೆ ಕೊಡಗಿನ ಸಣ್ಣ ಚರ್ಮವಾದ್ಯ, ಅದರ ಚರ್ಮ ಸಡಿಲ ಆದರೆ ಬೆಂಕಿಯ ಹತ್ತಿರ ಹಿಡಿದು ಬಿಗಿ ಮಾಡಿಕೊಳ್ಳುತ್ತಾರೆ, ಗಿಟಾರಿಗೆ ಆ ಯೋಗ ಇಲ್ಲ.

ದುಡಿ ಮಾತು ಬಂದದ್ದಕ್ಕೆ ಇನ್ನೊಂದು. ಆವತ್ತು ಅಲ್ಲಿ ಒಬ್ಬ ಅಜ್ಜ ಕೂತಿದ್ದರು, ದುಡಿ ಹಿಡಿದು ಹಾಡುವವರು. ಅಂಗಡಿಗೆ ಬಂದದ್ದು ಮೊಮ್ಮಗನ ಕೀಬೋರ್ಡಿಗಾಗಿ. ನಾನು ಸುಮ್ನೆ ಮಾತಿಗೆ, "ನಿಮ್ಮ ದುಡಿ ಎಷ್ಟು ವರ್ಷದ್ದು?" ಎಂದೆ. ಅವರಿಗೆ ಪ್ರಶ್ನೆಯೇ ಅರ್ಥ ಆಗಲಿಲ್ಲ. "ಮನೇದು" ಎಂದರು. ಹಗ್ಗ ಬದಲಾಯಿಸಿದ್ದಾರೆ, ಚರ್ಮ ಬದಲಾಯಿಸಿದ್ದಾರೆ. ಇನ್ನೊಂದು ದುಡಿ ತಗೊಳ್ಳಬೇಕು ಅನ್ನಿಸಿಲ್ಲವೇ ಎಂದು ಕೇಳುವಷ್ಟು ಧೈರ್ಯ ನನಗೆ ಬರಲಿಲ್ಲ, ಚೀಲದಲ್ಲಿ ನಾಲ್ಕು ಕ್ಯಾಪೋ ಇದ್ದವು.

ಸೆಪ್ಟೆಂಬರಿನಲ್ಲಿ ಇನ್ನೊಂದು ಸಲ ಹೋದೆ, ಕೈಲ್ ಪೊಳ್ದ್ ಹಬ್ಬ ಮುಗಿದ ಮೇಲೆ. ಗಿಟಾರ್ ನೋಡಿ ಬರೋಣ ಅಂತ, ಆಸ್ಪತ್ರೆಗೆ ನೆಂಟರನ್ನು ನೋಡೋಕೆ ಹೋದ ಹಾಗೆ. ಕೈಯಲ್ಲಿ ಮೂರು ಪೆಡಲ್ ಇದ್ದವು. ಒಂದರ ಜ್ಯಾಕ್ ಸಡಿಲ ಆಗಿತ್ತು, ಉಳಿದೆರಡನ್ನು ಮಾರುವ ಯೋಚನೆ. ಅಣ್ಣ ಮೂರನ್ನೂ ಬಿಚ್ಚಿ ಸಾಲಾಗಿ ಇಟ್ಟರು. ಮೂರರಲ್ಲೂ ಎಂಟು ಕಾಲಿನ ಒಂದೇ ಚಿಪ್, 4558. ಮೂರರಲ್ಲೂ ಸದ್ದನ್ನು ಒಡೆಯೋಕೆ ಅದೇ ಜಾಗದಲ್ಲಿ ಡಯೋಡ್. ಮೂರೂ ಐಬನೀಜ್ ಕಂಪನಿಯ ಟ್ಯೂಬ್ ಸ್ಕ್ರೀಮರ್ ಎಂಬ ಹಳೇ ಪೆಡಲಿನ ವಂಶದವು. ಆ ಕಂಪನಿಯದೇ ಟಿಎಸ್808 ಮತ್ತು ಆಮೇಲೆ 1982ರಲ್ಲಿ ಬಂದ ಟಿಎಸ್9, ಇವೆರಡರ ಮಧ್ಯೆ ಇರುವ ಮುಖ್ಯ ವ್ಯತ್ಯಾಸ ಎಂದರೆ ಔಟ್‌ಪುಟ್ ಕಡೆಯ ಎರಡು ರೆಸಿಸ್ಟರ್. ಎರಡೇ ಎರಡು. ಅವುಗಳ ಮೇಲೆ ಜನ ವರ್ಷಗಟ್ಟಲೆ ಜಗಳ ಆಡಿದ್ದಾರೆ, ನಾನೂ ಆಡಿದ್ದೇನೆ. ನನ್ನ ಮೂರು ಪೆಡಲಿನ ಬಣ್ಣ ಮಾತ್ರ ಬೇರೆ ಬೇರೆ: ಒಂದು ಹಸಿರು, ಒಂದು ಹಳದಿ, ಒಂದಕ್ಕೆ ಹುಲಿಯ ಚಿತ್ರ. ಅಣ್ಣ ಗಂಭೀರವಾಗಿ, "ಕಡಂಬುಟ್ಟು ಅದೇ, ತಟ್ಟೆ ಮೂರು" ಎಂದರು, ಕಡಂಬುಟ್ಟು ಅಂದರೆ ನಮ್ಮ ಅಕ್ಕಿ ಕಡುಬು. ಹುಲಿಯದ್ದಕ್ಕೆ 9,800 ಕೊಟ್ಟಿದ್ದೆ ಎಂದು ಹೇಳಲಿಲ್ಲ.

ಮೈಕಿನ ಕಥೆಯೂ ಹೀಗೇ. ಕಂಡೆನ್ಸರ್ ಮೈಕ್ ಬಹಳ ಸೂಕ್ಷ್ಮ, ಸ್ಟುಡಿಯೋದಲ್ಲಿ ಅದು ಚಿನ್ನ. ನಮ್ಮ ಮನೆಗೆ ಶೀಟಿನ ಮಾಡು. ಜೂನ್‌ನಿಂದ ನನ್ನ ರೆಕಾರ್ಡಿಂಗ್ ಎಲ್ಲದರಲ್ಲೂ ಮೊದಲು ಮಳೆ, ಆಮೇಲೆ ಜೀರುಂಡೆ, ಆಮೇಲೆ ಪಕ್ಕದ ಮನೆಯ ನಾಯಿ, ಕೊನೆಗೆ ಎಲ್ಲೋ ದೂರದಲ್ಲಿ ನಾನು. ಅದಕ್ಕೆ ಪರಿಹಾರ ಎಂದು ಇನ್ನೊಂದು, ಇನ್ನೂ ದುಬಾರಿ ಕಂಡೆನ್ಸರ್ ನೋಡುತ್ತಿದ್ದೆ ನೋಡಿ, ಅದು ಇನ್ನೂ ಚೆನ್ನಾಗಿ ಮಳೆಯನ್ನು ಹಿಡಿಯುತ್ತಿತ್ತು. ಅಣ್ಣ ಮೂಲೆಯಿಂದ ಒಂದು ನಜ್ಜುಗುಜ್ಜಾದ ಶೂರ್ ಎಸ್ಎಂ58 ತೆಗೆದುಕೊಟ್ಟರು, ಸಭೆಗಳಲ್ಲಿ ಭಾಷಣದವರು ಹಿಡಿಯುವ ಅದೇ ಮೈಕ್. 1966ರಿಂದ ಬರುತ್ತಿರುವ ಮಾದರಿ, ಇವತ್ತಿಗೂ ಮಾರಾಟದಲ್ಲಿದೆ. ಬಾಯಿ ಹತ್ತಿರ ಇಟ್ಟು ಹಾಡಿದರೆ ಮುಂದಿನದನ್ನು ಹಿಡಿಯುತ್ತದೆ, ಹಿಂದಿನ ಗಲಾಟೆಯನ್ನು ಬಹಳ ಮಟ್ಟಿಗೆ ಬಿಟ್ಟುಬಿಡುತ್ತದೆ. ಗ್ರಿಲ್ ಒಳಗೆ ಹೋಗಿದ್ದನ್ನು ಚಮಚದ ಹಿಂಬದಿಯಿಂದ ಒತ್ತಿ ದುಂಡಗೆ ಮಾಡಿದ್ದರು. ಒಂದು ತಿಂಗಳು ಇಟ್ಟುಕೊಳ್ಳಿ ಎಂದರು, ಬಾಡಿಗೆ ಬೇಡ ಎಂದರು. ಮಳೆ ಬರುತ್ತಿರುವಾಗಲೇ ರೆಕಾರ್ಡ್ ಮಾಡಿದೆ. ಮಳೆ ಇದೆ, ಆದರೆ ಹಿಂದೆ ಇದೆ, ಹಾಡಿಗೆ ಚೆನ್ನಾಗಿಯೇ ಕೇಳುತ್ತದೆ. ಅದು ನನ್ನ ಮೂರನೇ ಹಾಡು.

ಈಗ ದೂರುಗಳು. ಬರೀ ಹೊಗಳಿದರೆ ನೆಂಟರ ಅಂಗಡಿ ಅಂದುಕೊಳ್ಳುತ್ತೀರಿ.

ಸಮಯ ಪಾಲನೆ ಸೊನ್ನೆ. ಹತ್ತು ಗಂಟೆಗೆ ತೆಗೆಯುತ್ತೇನೆ ಎನ್ನುತ್ತಾರೆ, ಹನ್ನೊಂದೂಕಾಲಿಗೆ ಬರುತ್ತಾರೆ. ಕಾಫಿ ಕೊಯ್ಲಿನ ಸಮಯದಲ್ಲಿ ಬಂದರೆ ಬಂದರು. ಫೋನ್ ಎತ್ತಲ್ಲ. ರಸೀದಿ ಕೊಡಲ್ಲ, ಹಳೇ ಕ್ಯಾಲೆಂಡರಿನ ಹಿಂದೆ ಪೆನ್ಸಿಲ್‌ನಲ್ಲಿ ಹೆಸರು ಬರೆದುಕೊಳ್ಳುತ್ತಾರೆ, ನನ್ನ ಹೆಸರನ್ನು ತಪ್ಪಾಗಿ ಬರೆದಿದ್ದರು. ಕೊಟ್ಟ ದಿನಾಂಕ ನನಗೆ ಮೂರು ಸಲ ತಪ್ಪಿತು. ಗಿಟಾರಿನ ಹಿಂಭಾಗದಲ್ಲಿ ಒಂದು ಹೊಸ ಗೀರು ಬಂದಿದೆ, ಕೇಳಿದರೆ "ಮೊದಲೇ ಇತ್ತು" ಎಂದರು. ಇರಲಿಲ್ಲ. ಮತ್ತೆ ಕಂಪ್ಯೂಟರಿಗೆ ಸೇರಿದ್ದನ್ನು ಅವರು ಮುಟ್ಟುವುದಿಲ್ಲ. ನನ್ನ ಇಂಟರ್‌ಫೇಸ್ ತಗೊಂಡು ಹೋದಾಗ ತಿರುಗಿಸಿ ತಿರುಗಿಸಿ ನೋಡಿ, "ಇದು ನನಗೆ ಗೊತ್ತಾಗಲ್ಲ" ಎಂದು ವಾಪಸ್ ಕೊಟ್ಟರು. ಗೊತ್ತಿಲ್ಲದೆ ಬಿಚ್ಚುವವರಿಗಿಂತ ಇದು ವಾಸಿ ಎನ್ನಿ.

ಬೈಗುಳವೂ ಉಂಟು. ತುಕ್ಕು ಹಿಡಿದ ತಂತಿ ತಂದರೆ ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ ಹೇಳುತ್ತಾರೆ, ನುಡಿಸಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸೋಕೆ ಎಷ್ಟು ಹೊತ್ತು ಬೇಕು ಅಂತ. ಕೆಲವರಿಗೆ ಇದು ಹಿಡಿಸಲಿಕ್ಕಿಲ್ಲ.

ಪುತ್ತರಿ ಆಗಿ, ಕೊಯ್ಲು ಶುರುವಾಗಿ, ಕೊನೆಗೆ ನಾನು ಹೋದದ್ದು ಜನವರಿಯಲ್ಲಿ. ಒಣಗಿದ ಮೇಲೆ ಏನೂ ಮಾಡದೆಯೇ ಆ್ಯಕ್ಷನ್ 3.3ಕ್ಕೆ ಇಳಿದಿತ್ತು. ಕತ್ತಿನ ಬಾಗನ್ನು ಸರಿ ಮಾಡುವ, ಅದರ ಒಳಗಿರುವ ಟ್ರಸ್ ರಾಡ್ ಎಂಬ ಕಂಬಿಯನ್ನು ಅಲೆನ್ ಕೀಯಲ್ಲಿ ಕಾಲು ಸುತ್ತು ತಿರುಗಿಸಿದರು, ಅದಕ್ಕಿಂತ ಜಾಸ್ತಿ ಒಂದೇ ಸಲಕ್ಕೆ ಬೇಡ ಎಂದರು. ಕತ್ತಿನ ತುದಿಯಲ್ಲಿ ತಂತಿ ಕೂರುವ ಪಟ್ಟಿಯ, ಅಂದರೆ ನಟ್‌ನ, ಕಚ್ಚುಗಳನ್ನು ಸ್ವಲ್ಪ ಆಳ ಮಾಡಿದರು, ಎಫ್ ಕಾರ್ಡ್ ಕಷ್ಟ ಆಗುವುದರಲ್ಲಿ ಅರ್ಧ ಪಾಲು ಅಲ್ಲೇ ಇರುತ್ತದಂತೆ. ಸ್ಯಾಡಲ್ ಒಂದೂವರೆ ಮಿಲಿಮೀಟರ್ ಉಜ್ಜಿದರು. ತಂತಿ ಹಾಕಿ ಅಳೆದಾಗ ಎರಡೂವರೆ. ನಾನು 12ರ ದಪ್ಪದ ತಂತಿ ಹಾಕುತ್ತಿದ್ದೆ, ಅದಕ್ಕಿಂತ ತೆಳುವಾದ 11 ಹಾಕಿ ನೋಡಿ ಎಂದರು, ಅದೂ ಸರಿ ಹೋಯಿತು. ಅಲ್ಲೇ ಸ್ಟೂಲ್ ಮೇಲೆ ಕೂತು ಎಫ್ ಹಿಡಿದೆ. ಬಂತು. ಹನ್ನೊಂದು ವರ್ಷ ನನ್ನ ಕೈಯೇ ಸರಿ ಇಲ್ಲ ಎಂದುಕೊಂಡಿದ್ದೆನಲ್ಲ, ಸ್ವಲ್ಪ ಅಳು ಬಂದ ಹಾಗೂ ಆಯಿತು, ಸಂದಿಯಲ್ಲಿ ಬೈಕ್ ರಿವರ್ಸ್ ತೆಗೆಯುತ್ತಿದ್ದ ಹುಡುಗ ನೋಡುತ್ತಿದ್ದ ಅಂತ ತಡೆದುಕೊಂಡೆ.

ಬಿಲ್ಲು: ಸೆಟಪ್ 600, ನಟ್ ಕೆಲಸ 200, ಐದು ತಿಂಗಳು ಬೀರುವಿನಲ್ಲಿ ಇಟ್ಟದ್ದಕ್ಕೆ ಏನೂ ಇಲ್ಲ. ತಂತಿ ನಾನೇ ಕೊಟ್ಟಿದ್ದು, 700. ಯುಪಿಐ ಇದೆ, ಆದರೆ ಆ ಸಂದಿಯಲ್ಲಿ ಸಿಗ್ನಲ್ ಇಲ್ಲ, ನಗದು ಇಟ್ಟುಕೊಂಡು ಹೋಗಿ.

ಅಂದ ಮಾತ್ರಕ್ಕೆ ಅಣ್ಣ ಹೊಸದು ತಗೊಳ್ಳಲೇಬೇಡಿ ಎನ್ನುವ ಜಾತಿಯವರಲ್ಲ. ನಾನಿದ್ದಾಗಲೇ ಒಬ್ಬರು ಮಗಳ ಗಿಟಾರ್ ತಂದಿದ್ದರು, ಮೂರು ಸಾವಿರದ್ದು, ಕತ್ತು ಹಗ್ಗದ ಹಾಗೆ ತಿರುಚಿಕೊಂಡಿತ್ತು. ನೋಡಿದ ತಕ್ಷಣ "ಇದನ್ನ ಗೋಡೆಗೆ ಅಲಂಕಾರಕ್ಕೆ ಹಾಕಿ, ಮಗುವಿಗೆ ಬೇರೆ ತೆಗೆದುಕೊಡಿ, ಇದ್ರಲ್ಲಿ ಕಲಿತ್ರೆ ಆಸೆಯೇ ಬಿಟ್ಟುಬಿಡ್ತಾಳೆ" ಎಂದರು. ಅವರಿಂದ ಒಂದು ರೂಪಾಯಿಯೂ ತಗೊಳ್ಳಲಿಲ್ಲ. ನನಗೂ ಕೇಳಿದ್ದಿದೆ: "ಸ್ಟೇಜ್ ಮೇಲೆ ನುಡಿಸ್ತೀರಾ? ಹಾಗಿದ್ರೆ ಪಿಕಪ್ ಬೇಕು. ಮನೇಲೇ ಆದ್ರೆ ಯಾಕೆ?" ನಾನು ಸ್ಟೇಜ್ ಹತ್ತಿದ್ದು ಒಂದೇ ಸಲ, ಅದೂ ತಂಗಿಯ ಮದುವೆಯಲ್ಲಿ, ಅದೂ ವಾಲಗದವರು ಊಟಕ್ಕೆ ಹೋಗಿದ್ದಾಗ.

ಆಸೆ ಹೋಯಿತೇ? ಇಲ್ಲ. ಹೋಗಿದೆ ಎಂದರೆ ಸುಳ್ಳು. ಒಂದು ಮಾತ್ರ ಗಮನಿಸಿದ್ದೇನೆ, ಗಿಟಾರ್ ಕೈಯಲ್ಲಿರುವ ಸಂಜೆ ಫೋನಿನಲ್ಲಿ ಗಿಟಾರ್ ನೋಡುವುದಿಲ್ಲ. ಕೆಲಸ ಜಾಸ್ತಿ ಇದ್ದು ನಾಲ್ಕು ದಿನ ಮುಟ್ಟದಿದ್ದರೆ ಐದನೇ ರಾತ್ರಿ ವಿಡಿಯೋ ಶುರು. ಈಗಂತೂ ಸೋಫಾದ ಪಕ್ಕ ಸ್ಟ್ಯಾಂಡಿನಲ್ಲಿ ಇಟ್ಟಿದ್ದೇನೆ, ಒಳಗಿನ ಗೋಡೆಯ ಕಡೆ. ಹಳದಿ ಪೆಡಲ್ ಮತ್ತು ಲೂಪರ್ ಮಾರಿದೆ. ಹುಲಿಯದ್ದನ್ನು ಯಾರೂ ತಗೊಳ್ಳಲಿಲ್ಲ.

ಈ ವರ್ಷ ನಾನು ತಗೊಂಡ ಹೊಸ ಸಾಮಾನು ಒಂದೇ. ಜನವರಿಯಲ್ಲಿ ಹೊರಡುವಾಗ ಅಣ್ಣ ಇನ್ನೊಂದು ಸ್ಯಾಡಲ್ ಮಾಡಿಕೊಟ್ಟರು, ಮೂಳೆಯದು, ಮೊದಲಿನದಕ್ಕಿಂತ ಸ್ವಲ್ಪ ಗಿಡ್ಡ. 350 ರೂಪಾಯಿ. ಮಳೆ ಹಿಡಿದು ಹಲಗೆ ಉಬ್ಬಿದಾಗ ಇದನ್ನು ಹಾಕುವುದು, ಒಣಗಿದ ಮೇಲೆ ಮತ್ತೆ ಹಳೇದು. ಬೆಂಕಿಪೊಟ್ಟಣದಲ್ಲಿ ಹಾಕಿ, ಮೇಲೆ ಪೆನ್ಸಿಲ್‌ನಲ್ಲಿ 'ಮಳೆ' ಎಂದು ಬರೆದುಕೊಟ್ಟಿದ್ದಾರೆ. ಕಿರುಬೆರಳಿಗಿಂತ ಸಣ್ಣದು. ಗಿಟಾರ್ ಚೀಲದ ಜೇಬಿನಲ್ಲಿದೆ, ನಾಲ್ಕು ಕ್ಯಾಪೋ ಜೊತೆ.

ಮೊನ್ನೆ ಮೆಸೇಜ್ ಬಂತು, ನಿಮ್ಮ ಕಾರ್ಟಿನಲ್ಲಿರುವ ವಸ್ತುವಿನ ಬೆಲೆ 2,000 ಇಳಿದಿದೆ ಅಂತ. ಅದಿನ್ನೂ ಅಲ್ಲೇ ಇದೆ, ತೆಗೆದಿಲ್ಲ. ಹೊರಗೆ ಎರಡು ದಿನದಿಂದ ಜೋರು ಮಳೆ, ಸ್ಕೇಲ್ ಇಟ್ಟು ನೋಡಿದೆ, 2.8 ಆಗಿದೆ. ನಾಳೆ ಬೆಂಕಿಪೊಟ್ಟಣ ತಗೊಂಡು ವಿರಾಜಪೇಟೆಗೆ ಹೋಗುತ್ತೇನೆ. ನೀವೂ ಹೋಗುವುದಾದರೆ ಮೊದಲು ಫೋನ್ ಮಾಡಿ, ಎತ್ತಲ್ಲ, ಆದರೂ ಮಾಡಿ. ಹನ್ನೊಂದೂವರೆಯ ಮೇಲೆ ಹೋಗಿ.